ಆಲ್ಬ್ರೆಕ್ಟ್ ಫಾನ್ ಗ್ರೇಫೆ

ಫ್ರೀಡ್ರಿಕ್ ವಿಲ್ಹೆಲ್ಮ್ ಅರ್ನ್ಸ್ಟ್ ಆಲ್ಬ್ರೆಕ್ಟ್ ಫಾನ್ ಗ್ರೇಫೆ (22 ಮೇ 1828 – 20 ಜುಲೈ 1870) ಪ್ರಷ್ಯದ ನೇತ್ರವೈದ್ಯ, ಶಸ್ತ್ರಚಿಕಿತ್ಸಕ ಮತ್ತು ವೈದ್ಯಕೀಯ ಶಿಕ್ಷಕ. ಇವರನ್ನು ಆಧುನಿಕ ನೇತ್ರವಿಜ್ಞಾನದ ಸ್ಥಾಪಕರಲ್ಲಿ ಪ್ರಮುಖರೆಂದು ಪರಿಗಣಿಸಲಾಗಿದೆ. ಗ್ಲಾಕೋಮಾ ರೋಗಕ್ಕೆ ಮೊದಲ ಪರಿಣಾಮಕಾರಿ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು ಇವರೇ. ಕಣ್ಣಿನ ಪೊರೆ ತೆಗೆಯುವ ವಿಧಾನವನ್ನು ಸುಧಾರಿಸಿದರು; ಮಿದುಳಿನ ರೋಗಗಳಿಗೂ ಕಣ್ಣಿನೊಳಗಿನ ಬದಲಾವಣೆಗಳಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಬರ್ಲಿನ್‌ನಲ್ಲಿ ಇವರು ನಡೆಸುತ್ತಿದ್ದ ಖಾಸಗಿ ಚಿಕಿತ್ಸಾಲಯವು ಈಗಾಗಲೇ ವೈದ್ಯಕೀಯ ಪದವಿ ಪಡೆದವರು ನೇತ್ರಚಿಕಿತ್ಸೆಯಲ್ಲಿ ಉನ್ನತ ತರಬೇತಿ ಪಡೆಯಲು ಬರುವ ಕೇಂದ್ರವಾಗಿತ್ತು. ಅಲ್ಲಿ ಕಲಿತವರು ಯೂರೋಪಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ನೇತ್ರವಿಜ್ಞಾನದ ಪ್ರಾಧ್ಯಾಪಕರಾದರು. ಶಸ್ತ್ರಚಿಕಿತ್ಸೆಯ ಒಂದು ಉಪಶಾಖೆಯಾಗಿದ್ದ ನೇತ್ರವಿಜ್ಞಾನವು ಸ್ವತಂತ್ರ ವೈದ್ಯಕೀಯ ವಿಭಾಗವಾಗಿ ಬೆಳೆಯಲು ಈ ತರಬೇತಿ ಮುಖ್ಯ ಕಾರಣಗಳಲ್ಲೊಂದಾಯಿತು.

ಜನನ ಮತ್ತು ಕುಟುಂಬ

ಗ್ರೇಫೆಯವರು 1828ರ ಮೇ 22ರಂದು ಬರ್ಲಿನ್‌ನಲ್ಲಿ ಜನಿಸಿದರು. ತಂದೆ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ (1787–1840) ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು. ಅವರು ಜರ್ಮನಿಯಲ್ಲಿ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದವರು. ಕತ್ತರಿಸಿಹೋದ ಮೂಗನ್ನು ಮರುರೂಪಿಸುವ ಬಗೆಗೆ ಅವರು 1818ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಟಲಿಯ ವಿಧಾನದ ಜೊತೆಗೆ ಭಾರತೀಯ ವಿಧಾನವನ್ನೂ ವಿವರಿಸಿದ್ದಾರೆ. ಹಣೆಯ ಚರ್ಮವನ್ನು ಬಳಸುವ ಈ ಭಾರತೀಯ ವಿಧಾನವು, ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದ ಕಾಲದಲ್ಲಿ ಮೂಗು ಕಳೆದುಕೊಂಡಿದ್ದ ಕವಾಸ್‌ಜಿ ಎಂಬ ಬಂಡಿ ಹೊಡೆಯುವವನಿಗೆ ನಡೆದ ಚಿಕಿತ್ಸೆಯ ವರದಿ 1794ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ಮೇಲೆ ಯೂರೋಪಿನ ವೈದ್ಯರ ಗಮನ ಸೆಳೆದಿತ್ತು.

ಹ್ಯಾನೋವರ್‌ನ ಯುವರಾಜನ ಕಣ್ಣಿನ ಚಿಕಿತ್ಸೆಗೆಂದು ಆ ನಗರಕ್ಕೆ ತೆರಳಿದ್ದ ಕಾರ್ಲ್ ಅವರು 1840ರಲ್ಲಿ ಅಲ್ಲಿಯೇ ನಿಧನರಾದರು. ಆಗ ಆಲ್ಬ್ರೆಕ್ಟ್ ಅವರಿಗೆ ಹನ್ನೆರಡು ವರ್ಷ ವಯಸ್ಸು.

ಶಿಕ್ಷಣ

ಬರ್ಲಿನ್‌ನ ಫ್ರೆಂಚ್ ಜಿಮ್ನಾಸಿಯಂ ಶಾಲೆಯಲ್ಲಿ ಓದಿದ ಗ್ರೇಫೆಯವರು ಹದಿಹರೆಯದಲ್ಲೇ ಬರ್ಲಿನ್ ವಿಶ್ವವಿದ್ಯಾಲಯವನ್ನು ಸೇರಿದರು. ವೈದ್ಯಶಾಸ್ತ್ರದ ಜೊತೆಗೆ ತತ್ವಶಾಸ್ತ್ರ ಮತ್ತು ನಿಸರ್ಗವಿಜ್ಞಾನಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಪ್ರಸಿದ್ಧ ಶರೀರಕ್ರಿಯಾ ವಿಜ್ಞಾನಿ ಯೊಹಾನೆಸ್ ಮ್ಯುಲರ್ ಅವರ ಗುರುಗಳಲ್ಲೊಬ್ಬರು. ಬ್ರೋಮಿನ್ ಮತ್ತು ಅದರ ಸಂಯುಕ್ತಗಳ ಕುರಿತ ಪ್ರಬಂಧಕ್ಕೆ 1847ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಆ ಪ್ರಬಂಧಕ್ಕೂ ಕಣ್ಣಿಗೂ ಯಾವ ಸಂಬಂಧವೂ ಇರಲಿಲ್ಲ.

ಅಂದಿನ ರೂಢಿಯಂತೆ ಪದವಿಯ ನಂತರ ಗ್ರೇಫೆಯವರು ಅಧ್ಯಯನ ಪ್ರವಾಸ ಕೈಗೊಂಡರು. ಮೊದಲು ಹೋದದ್ದು ಪ್ರಾಗ್ ನಗರಕ್ಕೆ. ಅಲ್ಲಿ ಫರ್ಡಿನಾಂಡ್ ಆರ್ಲ್ಟ್ ಅವರ ಪ್ರಭಾವದಿಂದ ನೇತ್ರಚಿಕಿತ್ಸೆಯನ್ನೇ ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು. ಪ್ಯಾರಿಸ್‌ನಲ್ಲಿ ಜೂಲಿಯಸ್ ಸಿಶೆಲ್ ಮತ್ತು ಲೂಯಿ ಒಗುಸ್ಟ್ ಡೆಮಾರ್ ಅವರ ಚಿಕಿತ್ಸಾಲಯಗಳಲ್ಲಿ ಶಸ್ತ್ರಕ್ರಿಯೆಗಳನ್ನು ಹತ್ತಿರದಿಂದ ಕಂಡರು. ವಿಯೆನ್ನಾದಲ್ಲಿ ಫ್ರೀಡ್ರಿಕ್ ಯೇಗರ್ ಮತ್ತು ಅವರ ಮಗ ಎಡ್ವರ್ಡ್ ಯೇಗರ್ ಅವರಿಂದ ಕಲಿತರು. ಲಂಡನ್‌ನಲ್ಲಿ ವಿಲಿಯಂ ಬೌಮನ್ ಮತ್ತು ಜಾರ್ಜ್ ಕ್ರಿಚೆಟ್ ಅವರ ಪರಿಚಯವಾಯಿತು. ಹಾಲೆಂಡಿನ ಶರೀರಕ್ರಿಯಾ ವಿಜ್ಞಾನಿ ಫ್ರಾನ್ಸಿಸ್ಕಸ್ ಡೊಂಡರ್ಸ್ ಅವರನ್ನು ಭೇಟಿಯಾದದ್ದೂ 1851ರಲ್ಲಿ ಲಂಡನ್‌ನಲ್ಲಿಯೇ. ಬೌಮನ್ ಮತ್ತು ಡೊಂಡರ್ಸ್ ಅವರೊಂದಿಗಿನ ಸ್ನೇಹ ಕೊನೆಯವರೆಗೂ ಉಳಿಯಿತು.

ಆ ಕಾಲದಲ್ಲಿ ನೇತ್ರಚಿಕಿತ್ಸೆಯನ್ನು ಆಳವಾಗಿ ಕಲಿಯಬೇಕಾದರೆ ಹೀಗೆ ನಗರದಿಂದ ನಗರಕ್ಕೆ ಅಲೆಯುವುದು ಅನಿವಾರ್ಯವಾಗಿತ್ತು. ಬಹುಪಾಲು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಕಣ್ಣಿನ ರೋಗಗಳನ್ನು ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರೇ ಬೋಧಿಸುತ್ತಿದ್ದರು. ಅದಕ್ಕೆ ಪ್ರತ್ಯೇಕ ಪೀಠವಾಗಲಿ ಪ್ರತ್ಯೇಕ ಆಸ್ಪತ್ರೆಯಾಗಲಿ ಸಾಮಾನ್ಯವಾಗಿ ಇರಲಿಲ್ಲ.

ಬರ್ಲಿನ್‌ನ ಚಿಕಿತ್ಸಾಲಯ

ಪ್ರವಾಸದಿಂದ ಮರಳಿದ ಗ್ರೇಫೆಯವರು 1851ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಖಾಸಗಿ ನೇತ್ರ ಚಿಕಿತ್ಸಾಲಯವನ್ನು ಆರಂಭಿಸಿದರು. ಆಗ ಅವರ ವಯಸ್ಸು ಇಪ್ಪತ್ತಮೂರು. ಬಡ ರೋಗಿಗಳಿಗೆ ಉಚಿತವಾಗಿ ಚಿಕಿತ್ಸೆ ನೀಡುವುದಾಗಿ ಪ್ರಕಟಿಸಿದರು. ಕೆಲವೇ ಕೋಣೆಗಳಲ್ಲಿ ಆರಂಭವಾದ ಚಿಕಿತ್ಸಾಲಯವು ಮರುವರ್ಷವೇ ಕಾರ್ಲ್‌ಸ್ಟ್ರಾಸೆ ಬೀದಿಯ ಹೆಚ್ಚು ವಿಶಾಲವಾದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಈ ಬೀದಿಗೆ ಈಗ ರೈನ್‌ಹಾರ್ಟ್‌ಸ್ಟ್ರಾಸೆ ಎಂಬ ಹೆಸರಿದೆ. ಮುಂದಿನ ವರ್ಷಗಳಲ್ಲಿ ಜರ್ಮನಿಯ ನಾನಾ ಭಾಗಗಳಿಂದಲೂ ರಷ್ಯಾ ಮೊದಲಾದ ಹೊರದೇಶಗಳಿಂದಲೂ ರೋಗಿಗಳು ಇಲ್ಲಿಗೆ ಬರತೊಡಗಿದರು.

ಚಿಕಿತ್ಸಾಲಯ ತೆರೆದ ಕಾಲವೂ ಅನುಕೂಲಕರವಾಗಿತ್ತು. ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಅವರು ಆಗಷ್ಟೇ ಆಫ್ತಾಲ್ಮೋಸ್ಕೋಪ್ ಅಥವಾ ನೇತ್ರದರ್ಶಕವನ್ನು ಕಂಡುಹಿಡಿದು, 1851ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದ್ದರು. ಅದುವರೆಗೆ ಜೀವಂತ ಮನುಷ್ಯನ ಕಣ್ಣಿನ ಒಳಭಾಗವು ವೈದ್ಯರಿಗೆ ಕಾಣುತ್ತಿರಲಿಲ್ಲ. ಕಣ್ಣು ಹೊರಗಿನಿಂದ ಸರಿಯಾಗಿದ್ದೂ ದೃಷ್ಟಿ ಹೋದರೆ ಅದಕ್ಕೆ ಒಂದು ಸಾಮಾನ್ಯ ಹೆಸರು ಕೊಟ್ಟು ಸುಮ್ಮನಾಗಬೇಕಾಗಿತ್ತು. ಬೆಳಕನ್ನು ಪಾಪೆಯ ಮೂಲಕ ಒಳಗೆ ಹಾಯಿಸಿ, ಅಕ್ಷಿಪಟಲವನ್ನೂ ದೃಷ್ಟಿನರದ ತುದಿಯನ್ನೂ ನೇರವಾಗಿ ನೋಡಲು ಈ ಉಪಕರಣ ಸಾಧ್ಯಗೊಳಿಸಿತು. ಗ್ರೇಫೆಯವರು ಅದರ ಮಹತ್ವವನ್ನು ಕೂಡಲೇ ಗುರುತಿಸಿ ದೈನಂದಿನ ಪರೀಕ್ಷೆಯಲ್ಲಿ ಬಳಸತೊಡಗಿದರು. ರೋಗಿಯ ದೃಷ್ಟಿಕ್ಷೇತ್ರವನ್ನು, ಅಂದರೆ ಒಂದೇ ಬಿಂದುವನ್ನು ದಿಟ್ಟಿಸುತ್ತಿರುವಾಗ ಸುತ್ತಲೂ ಎಷ್ಟು ದೂರದವರೆಗೆ ಕಾಣುತ್ತದೆ ಎಂಬುದನ್ನು, ಅಳೆಯುವ ಕ್ರಮವನ್ನು ಚಿಕಿತ್ಸಾಲಯದ ಬಳಕೆಗೆ ತಂದವರಲ್ಲಿಯೂ ಅವರು ಮೊದಲಿಗರು.

ಶಿಕ್ಷಕರಾಗಿ

ಗ್ರೇಫೆಯವರು 1852ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಅರ್ಹತೆ ಪಡೆದರು. ಅದಕ್ಕಾಗಿ ಅವರು ಆರಿಸಿಕೊಂಡ ವಿಷಯ ಕಣ್ಣಿನ ಸ್ನಾಯುಗಳ ಕಾರ್ಯ. 1857ರಲ್ಲಿ ಅವರಿಗೆ ಅಸಾಧಾರಣ ಪ್ರಾಧ್ಯಾಪಕ ಎಂಬ ಸ್ಥಾನ ದೊರೆಯಿತಾದರೂ ಅದು ಪೂರ್ಣ ಪೀಠವಾಗಿರಲಿಲ್ಲ. ಷಾರಿಟೆ ಆಸ್ಪತ್ರೆಯಲ್ಲಿ ಕಣ್ಣಿನ ರೋಗಿಗಳ ವಿಭಾಗವು ಶಸ್ತ್ರಚಿಕಿತ್ಸೆಯ ಹಿರಿಯ ಪ್ರಾಧ್ಯಾಪಕರಾಗಿದ್ದ ಯೊಹಾನ್ ಕ್ರಿಸ್ಟಿಯನ್ ಯುಂಗ್ಕನ್ ಅವರ ಅಧೀನದಲ್ಲಿತ್ತು. ಆದುದರಿಂದ ಗ್ರೇಫೆಯವರ ಪಾಠಗಳು ಬಹುಕಾಲ ಅವರ ಸ್ವಂತ ಚಿಕಿತ್ಸಾಲಯದಲ್ಲಿಯೇ ನಡೆದವು.

ಈ ಪಾಠಗಳಿಗೆ ವಿದ್ಯಾರ್ಥಿಗಳು ಮಾತ್ರವಲ್ಲದೆ ಪದವಿ ಪಡೆದು ವೃತ್ತಿಯಲ್ಲಿದ್ದ ವೈದ್ಯರೂ ಬರುತ್ತಿದ್ದರು. ಗ್ರಂಥಗಳಿಂದ ಕಲಿಯಲಾಗದ ವಿಷಯಗಳು ಅಲ್ಲಿ ರೋಗಿಯ ಎದುರಿನಲ್ಲಿಯೇ ದೊರೆಯುತ್ತಿದ್ದವು. ನೇತ್ರದರ್ಶಕದ ಬಳಕೆ ಹೇಳಿಕೊಟ್ಟರೆ ಬರುವಂಥದ್ದಲ್ಲ. ಕಣ್ಣಿನ ಹಿಂಭಾಗದ ಆರೋಗ್ಯಕರ ರೂಪವನ್ನು ಅನೇಕ ಬಾರಿ ನೋಡಿದವನಿಗೆ ಮಾತ್ರ ರೋಗದ ಗುರುತು ತಿಳಿಯುತ್ತದೆ. ದೊಡ್ಡ ಸಂಖ್ಯೆಯ ರೋಗಿಗಳಿದ್ದ ಚಿಕಿತ್ಸಾಲಯದಲ್ಲಿ ಒಂದೇ ರೋಗದ ನಾನಾ ಹಂತಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲು, ಶಸ್ತ್ರಕ್ರಿಯೆಗೆ ಮೊದಲಿನ ಮತ್ತು ನಂತರದ ಸ್ಥಿತಿಯನ್ನು ಗಮನಿಸಲು ಅವಕಾಶವಿತ್ತು. ಸಹಾಯಕರಾಗಿ ಸೇರಿದವರು ಗ್ರೇಫೆಯವರ ಜೊತೆಯಲ್ಲಿ ದಿನವಿಡೀ ದುಡಿದು, ಕ್ರಮೇಣ ತಾವೇ ಪರೀಕ್ಷೆ ಮತ್ತು ಶಸ್ತ್ರಕ್ರಿಯೆಗಳ ಹೊಣೆ ಹೊರುತ್ತಿದ್ದರು.

ಇಲ್ಲಿ ತರಬೇತಿ ಪಡೆದವರಲ್ಲಿ ಅನೇಕರು ಮುಂದೆ ಪ್ರಸಿದ್ಧರಾದರು:

ರಿಚರ್ಡ್ ಲೀಬ್‌ರೈಕ್: ಗ್ರೇಫೆಯವರ ಸಹಾಯಕರಾಗಿದ್ದು, 1863ರಲ್ಲಿ ಕಣ್ಣಿನ ಒಳಭಾಗದ ಚಿತ್ರಗಳ ಸಂಪುಟವನ್ನು ಪ್ರಕಟಿಸಿದರು. ಬರ್ಲಿನ್‌ಗೆ ಹೋಗಲಾಗದ ವೈದ್ಯರಿಗೂ ನೇತ್ರದರ್ಶಕದಲ್ಲಿ ಕಾಣುವ ದೃಶ್ಯಗಳು ಇದರಿಂದ ಪರಿಚಯವಾದವು.

ಅಲೆಕ್ಸಾಂಡರ್ ಪಾಗೆನ್‌ಸ್ಟೆಕರ್: ವೀಸ್‌ಬಾಡೆನ್‌ನಲ್ಲಿ ಬಡವರಿಗಾಗಿ ಕಣ್ಣಿನ ಆಸ್ಪತ್ರೆಯನ್ನು ಸ್ಥಾಪಿಸಿದರು.

ಯೊಹಾನ್ ಫ್ರೀಡ್ರಿಕ್ ಹಾರ್ನರ್: ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾದರು. ಹಾರ್ನರ್ ಸಿಂಡ್ರೋಮ್ ಎಂಬ ರೋಗಲಕ್ಷಣ ಸಮೂಹಕ್ಕೆ ಅವರ ಹೆಸರಿದೆ.

ಜೂಲಿಯಸ್ ಜೇಕಬ್ಸನ್: ಕೋನಿಗ್ಸ್‌ಬರ್ಗ್‌ನಲ್ಲಿ ನೇತ್ರವಿಜ್ಞಾನವನ್ನು ಬೆಳೆಸಿದರು.

ಆಲ್ಫ್ರೆಡ್ ಗ್ರೇಫೆ: ಆಲ್ಬ್ರೆಕ್ಟ್ ಅವರ ದಾಯಾದಿ ಸಹೋದರ. ಹಾಲೆ ನಗರದಲ್ಲಿ ಪ್ರಾಧ್ಯಾಪಕರಾಗಿ, ಥಿಯೋಡೋರ್ ಸೇಮಿಶ್ ಅವರೊಡನೆ ನೇತ್ರವಿಜ್ಞಾನದ ಬೃಹತ್ ಕೈಪಿಡಿಯನ್ನು ಸಂಪಾದಿಸಿದರು.

ಹರ್ಮನ್ ನ್ಯಾಪ್: ಹೈಡೆಲ್‌ಬರ್ಗ್‌ನಿಂದ 1868ರಲ್ಲಿ ನ್ಯೂಯಾರ್ಕ್‌ಗೆ ತೆರಳಿ ಅಲ್ಲಿ ಕಣ್ಣು ಮತ್ತು ಕಿವಿಯ ಆಸ್ಪತ್ರೆಯನ್ನೂ ವಿಶೇಷ ಪತ್ರಿಕೆಯನ್ನೂ ಆರಂಭಿಸಿದರು.

ಥಿಯೋಡೋರ್ ಲೇಬರ್: ಗ್ಯೋಟಿಂಗೆನ್ ಮತ್ತು ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. ಆನುವಂಶಿಕ ದೃಷ್ಟಿನರ ರೋಗವೊಂದು ಅವರ ಹೆಸರಿನಿಂದ ಗುರುತಿಸಲ್ಪಡುತ್ತದೆ.

ಜೂಲಿಯಸ್ ಹಿರ್ಷ್‌ಬರ್ಗ್: ಕಣ್ಣಿಗೆ ಹೊಕ್ಕ ಕಬ್ಬಿಣದ ಚೂರನ್ನು ವಿದ್ಯುತ್ಕಾಂತದಿಂದ ಹೊರತೆಗೆಯುವ ವಿಧಾನವನ್ನು ರೂಪಿಸಿದರು, ನೇತ್ರವಿಜ್ಞಾನದ ವಿಸ್ತಾರವಾದ ಇತಿಹಾಸವನ್ನು ಬರೆದರು.

ಪತ್ರಿಕೆ ಮತ್ತು ವೈದ್ಯರ ಸಂಘ

1854ರಲ್ಲಿ ಗ್ರೇಫೆಯವರು ನೇತ್ರವಿಜ್ಞಾನಕ್ಕೆಂದೇ ಮೀಸಲಾದ ಆರ್ಕಿಫ್ ಫ್ಯೂರ್ ಆಫ್ತಾಲ್ಮೋಲೊಗಿ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮೊದಲ ಸಂಪುಟದ ಬಹುಭಾಗವನ್ನು ಅವರೇ ಬರೆದಿದ್ದರು. ಮರುವರ್ಷ ಆರ್ಲ್ಟ್ ಮತ್ತು ಡೊಂಡರ್ಸ್ ಅವರು ಸಂಪಾದಕರಾಗಿ ಜೊತೆಗೂಡಿದರು. ಈ ಪತ್ರಿಕೆ ಗ್ರೇಫೆಯವರ ಹೆಸರನ್ನು ಹೊತ್ತು ಇಂದಿಗೂ ಪ್ರಕಟವಾಗುತ್ತಿದೆ.

1857ರಿಂದ ಗ್ರೇಫೆಯವರು ತಮ್ಮ ಸ್ನೇಹಿತರನ್ನೂ ಶಿಷ್ಯರನ್ನೂ ಹೈಡೆಲ್‌ಬರ್ಗ್ ನಗರದಲ್ಲಿ ಸಭೆ ಸೇರಿಸತೊಡಗಿದರು. ತರಬೇತಿ ಮುಗಿಸಿ ದೂರದೂರಿನಲ್ಲಿ ನೆಲೆಸಿದ್ದ ವೈದ್ಯರು ತಮ್ಮ ಅನುಭವಗಳನ್ನು ಮಂಡಿಸಿ ಪರಸ್ಪರ ವಿಮರ್ಶೆಗೆ ಒಡ್ಡಲು ಇದು ವೇದಿಕೆಯಾಯಿತು. ಈ ಕೂಟವು 1863ರಲ್ಲಿ ವಿಧ್ಯುಕ್ತ ಸಂಘದ ರೂಪ ತಳೆಯಿತು. ಇಂದಿನ ಜರ್ಮನ್ ನೇತ್ರವಿಜ್ಞಾನ ಸಂಘವು 1857ನ್ನು ತನ್ನ ಸ್ಥಾಪನೆಯ ವರ್ಷವೆಂದು ಪರಿಗಣಿಸುತ್ತದೆ.

ವೈದ್ಯಕೀಯ ಕೊಡುಗೆಗಳು

ಗ್ಲಾಕೋಮಾ

ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರವು ಹಾನಿಗೊಳ್ಳುವ ಗ್ಲಾಕೋಮಾ ರೋಗಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಪರಿಣಾಮಕಾರಿ ಚಿಕಿತ್ಸೆ ಇರಲಿಲ್ಲ. ರೋಗವು ತೀವ್ರ ರೂಪದಲ್ಲಿ ಬಂದಾಗ ಅಸಹನೀಯ ನೋವಿನೊಂದಿಗೆ ಕೆಲವೇ ದಿನಗಳಲ್ಲಿ ದೃಷ್ಟಿ ನಾಶವಾಗುತ್ತಿತ್ತು. ಜಿಗಣೆ ಹಚ್ಚುವುದು, ರಕ್ತ ತೆಗೆಯುವುದು ಮೊದಲಾದ ಉಪಾಯಗಳಿಂದ ಪ್ರಯೋಜನವಾಗುತ್ತಿರಲಿಲ್ಲ.

ನೇತ್ರದರ್ಶಕದಿಂದ ಇಂತಹ ಕಣ್ಣುಗಳನ್ನು ಪರೀಕ್ಷಿಸಿದ ಗ್ರೇಫೆಯವರಿಗೆ ದೃಷ್ಟಿನರದ ತುದಿಯ ಆಕಾರ ಬದಲಾಗಿರುವುದು ಕಂಡಿತು. ಆದರೆ ಮೊದಲಿಗೆ ಅವರು ಅದನ್ನು ಉಬ್ಬು ಎಂದು ಭಾವಿಸಿದರು. ಎಡ್ವರ್ಡ್ ಯೇಗರ್ ಅವರೂ ಹಾಗೆಯೇ ವರ್ಣಿಸಿದ್ದರು. ಒಂದೇ ಕಣ್ಣಿನಿಂದ ನೋಡುವ ಅಂದಿನ ಉಪಕರಣದಲ್ಲಿ ಉಬ್ಬನ್ನೂ ತಗ್ಗನ್ನೂ ಬೇರ್ಪಡಿಸುವುದು ಕಷ್ಟವಾಗಿತ್ತು. ಸ್ವಲ್ಪ ಕಾಲದಲ್ಲಿಯೇ ಅದು ವಾಸ್ತವವಾಗಿ ಒತ್ತಡದಿಂದ ಹಿಂದಕ್ಕೆ ಸರಿದು ಬಟ್ಟಲಿನಂತೆ ತಗ್ಗಾದ ಭಾಗ ಎಂಬುದು ಸ್ಪಷ್ಟವಾಯಿತು. ಹೈನ್ರಿಕ್ ಮ್ಯುಲರ್ ಅವರು ಶವಪರೀಕ್ಷೆಯ ಕಣ್ಣುಗಳಲ್ಲಿ ಇದನ್ನು ದೃಢಪಡಿಸಿದರು. ಗ್ರೇಫೆಯವರು ತಮ್ಮ ತಪ್ಪನ್ನು ಒಪ್ಪಿ ತಮ್ಮದೇ ಪತ್ರಿಕೆಯಲ್ಲಿ ತಿದ್ದಿಕೊಂಡರು. ಈ ತಿದ್ದುಪಡಿ ಮುಖ್ಯವಾದುದು. ನರದ ತುದಿ ತಗ್ಗಾಗಿದೆ ಎಂದಾದರೆ ರೋಗದ ಮೂಲವನ್ನು ಒಳಗಿನ ಒತ್ತಡದಲ್ಲಿ ಹುಡುಕಬೇಕು, ಚಿಕಿತ್ಸೆಯೂ ಆ ಒತ್ತಡವನ್ನು ಇಳಿಸುವಂತಿರಬೇಕು.

ಬೇರೆ ಕಾರಣಗಳಿಗಾಗಿ ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪಟಲದ, ಒಂದು ತುಣುಕನ್ನು ಕತ್ತರಿಸಿ ತೆಗೆದ ಕಣ್ಣುಗಳಲ್ಲಿ ಒತ್ತಡ ಕಡಿಮೆಯಾಗುವುದನ್ನು ಗ್ರೇಫೆಯವರು ಗಮನಿಸಿದ್ದರು. ಇರಿಡೆಕ್ಟಮಿ ಎಂಬ ಈ ಶಸ್ತ್ರಕ್ರಿಯೆಯನ್ನು ಅವರು ತೀವ್ರ ಗ್ಲಾಕೋಮಾ ರೋಗಿಗಳಿಗೆ ಪ್ರಯೋಗಿಸಿದರು. ಸಕಾಲದಲ್ಲಿ ಶಸ್ತ್ರಕ್ರಿಯೆಯಾದ ರೋಗಿಗಳ ನೋವು ಶಮನಗೊಂಡು ದೃಷ್ಟಿ ಮರಳಿತು. 1857ರಲ್ಲಿ ಅವರು ಫಲಿತಾಂಶಗಳನ್ನು ಪ್ರಕಟಿಸಿ, ಅದೇ ವರ್ಷ ಬ್ರಸೆಲ್ಸ್‌ನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ನೇತ್ರವಿಜ್ಞಾನ ಸಮ್ಮೇಳನದಲ್ಲಿ ಮಂಡಿಸಿದರು. ಬೌಮನ್ ಮತ್ತು ಕ್ರಿಚೆಟ್ ಅವರು ಲಂಡನ್‌ನಲ್ಲಿ ಈ ಚಿಕಿತ್ಸೆಯನ್ನು ಬಳಕೆಗೆ ತಂದರು.

ಕಣ್ಣಿನ ಪೊರೆ

ಮಂಜುಗಟ್ಟಿದ ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಶಸ್ತ್ರಕ್ರಿಯೆಯನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ರೂಢಿಗೆ ತಂದಿದ್ದರು. ಅದಕ್ಕಾಗಿ ಕಾರ್ನಿಯಾದ ಸುಮಾರು ಅರ್ಧಭಾಗವನ್ನು ಕೊಯ್ದು ಎತ್ತಬೇಕಾಗಿತ್ತು. ಗಾಯ ಕೂಡದೆ ಕೀವಾಗಿ ಕಣ್ಣೇ ಹಾಳಾಗುವ ಅಪಾಯ ಸಾಕಷ್ಟಿತ್ತು. 1860ರ ದಶಕದ ಮಧ್ಯಭಾಗದಲ್ಲಿ ಗ್ರೇಫೆಯವರು ಬೇರೊಂದು ಕ್ರಮವನ್ನು ಪ್ರಕಟಿಸಿದರು. ಅಗಲ ಕಿರಿದಾದ, ತೆಳುವಾದ ಚಾಕುವಿನಿಂದ ಕಾರ್ನಿಯಾದ ಮೇಲಂಚಿನಲ್ಲಿ ನೇರ ಗೆರೆಗೆ ಹತ್ತಿರವಾದ ಕೊಯ್ತ ಮಾಡಿ, ಐರಿಸ್‌ನ ತುಣುಕನ್ನು ತೆಗೆದು, ಮಸೂರವನ್ನು ಹೊರತರುವುದು ಅದರ ಸಾರ. ಹೀಗೆ ಮಾಡಿದ ಗಾಯದ ಅಂಚುಗಳು ಚೆನ್ನಾಗಿ ಕೂಡಿಕೊಳ್ಳುತ್ತಿದ್ದುದರಿಂದ ಕಣ್ಣು ಕಳೆದುಕೊಳ್ಳುವವರ ಪ್ರಮಾಣ ಗಮನಾರ್ಹವಾಗಿ ತಗ್ಗಿತು. ಕಣ್ಣನ್ನು ಮರಗಟ್ಟಿಸುವ ಕೊಕೇನ್‌ನ ಬಳಕೆ ಆರಂಭವಾದದ್ದು 1884ರಲ್ಲಿ. ಜಂತುನಾಶಕ ಶಸ್ತ್ರಚಿಕಿತ್ಸೆಯೂ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಅಂತಹ ಸನ್ನಿವೇಶದಲ್ಲಿ ಕೊಯ್ತದ ಆಕಾರ ಮತ್ತು ಶಸ್ತ್ರವೈದ್ಯನ ಕೈಚಳಕಗಳೇ ಕಣ್ಣಿನ ಅಳಿವು ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದವು.

ಕಣ್ಣು ಮತ್ತು ದೇಹದ ಇತರ ರೋಗಗಳು

ಅಕ್ಷಿಪಟಲದ ಮುಖ್ಯ ಅಪಧಮನಿಯಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ಹಠಾತ್ತನೆ ದೃಷ್ಟಿ ಹೋಗುವುದನ್ನು ಗ್ರೇಫೆಯವರು 1859ರಲ್ಲಿ ವರ್ಣಿಸಿದರು. ಹೃದಯರೋಗವೊಂದು ಕಣ್ಣಿನಲ್ಲಿ ಪ್ರಕಟವಾಗುವುದಕ್ಕೆ ಇದು ಸ್ಪಷ್ಟ ನಿದರ್ಶನವಾಗಿತ್ತು. 1860ರಲ್ಲಿ ಮಿದುಳಿನ ಗೆಡ್ಡೆಗಳಿದ್ದ ರೋಗಿಗಳಲ್ಲಿ ದೃಷ್ಟಿನರದ ತುದಿ ಊದಿಕೊಳ್ಳುವುದನ್ನು ವಿವರಿಸಿದರು. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯಿಂದ ಬರುವ ಬಾಸೆಡೋ ರೋಗದಲ್ಲಿ, ರೋಗಿ ಕೆಳಗೆ ನೋಡುವಾಗ ಮೇಲಿನ ರೆಪ್ಪೆಯು ಕಣ್ಣುಗುಡ್ಡೆಯೊಡನೆ ಸರಾಗವಾಗಿ ಇಳಿಯದೆ ಹಿಂದೆ ಉಳಿಯುತ್ತದೆ. 1864ರಲ್ಲಿ ಅವರು ಗುರುತಿಸಿದ ಈ ಲಕ್ಷಣವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಗ್ರೇಫೆ ಚಿಹ್ನೆ ಎಂಬ ಹೆಸರಿನಲ್ಲಿ ಕಲಿಯುತ್ತಾರೆ. ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ, ಕಣ್ಣಿನ ಸ್ನಾಯುಗಳ ಪಾರ್ಶ್ವವಾಯು, ಕಣ್ಣಿನೊಳಗೆ ಸೇರುವ ಲಾಡಿಹುಳುವಿನ ಮರಿರೂಪ ಮುಂತಾದ ವಿಷಯಗಳಲ್ಲಿಯೂ ಅವರ ಬರೆಹಗಳಿವೆ.

ಕೊನೆಯ ವರ್ಷಗಳು

1861ರಲ್ಲಿ ಗ್ರೇಫೆಯವರಿಗೆ ಶ್ವಾಸಕೋಶದ ಪೊರೆಯ ತೀವ್ರ ಉರಿಯೂತ ಉಂಟಾಯಿತು. ಅದರಿಂದ ಚೇತರಿಸಿಕೊಂಡರಾದರೂ ಕ್ಷಯರೋಗವು ಅವರನ್ನು ಬಿಡಲಿಲ್ಲ. 1862ರಲ್ಲಿ ಅವರು ಡೆನ್ಮಾರ್ಕ್ ಮೂಲದ ಕೌಂಟೆಸ್ ಅನ್ನಾ ಕ್ನೂಟ್ ಅವರನ್ನು ವಿವಾಹವಾದರು. 1868ರಲ್ಲಿ ಜನಿಸಿದ ಅವರ ಮಗ, ತಂದೆಯ ಹೆಸರನ್ನೇ ಹೊಂದಿದ್ದ ಆಲ್ಬ್ರೆಕ್ಟ್, ಮುಂದೆ ರಾಜಕಾರಣಿಯಾದರು.

1866ರಲ್ಲಿ ಗ್ರೇಫೆಯವರಿಗೆ ಬರ್ಲಿನ್ ವಿಶ್ವವಿದ್ಯಾಲಯದ ಪೂರ್ಣ ಪ್ರಾಧ್ಯಾಪಕ ಸ್ಥಾನ ದೊರೆಯಿತು. ಯುಂಗ್ಕನ್ ಅವರು ನಿವೃತ್ತರಾದ 1868ರಲ್ಲಿ ಷಾರಿಟೆ ಆಸ್ಪತ್ರೆಯ ನೇತ್ರವಿಭಾಗವೂ ಅವರ ಕೈಗೆ ಬಂತು. ಅಷ್ಟರಲ್ಲಿ ಅವರ ಶಿಷ್ಯರು ಬೇರೆ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರಷ್ಯದ ವಿಶ್ವವಿದ್ಯಾಲಯಗಳಲ್ಲಿ ನೇತ್ರವಿಜ್ಞಾನದ ಶೋಚನೀಯ ಸ್ಥಿತಿಯ ಬಗ್ಗೆ ಜೇಕಬ್ಸನ್ ಅವರು ಕಟುವಾದ ಕಿರುಹೊತ್ತಗೆಯೊಂದನ್ನು ಬರೆದು ಪ್ರತ್ಯೇಕ ಪೀಠಗಳಿಗಾಗಿ ಒತ್ತಾಯಿಸಿದ್ದೂ ಈ ಕಾಲದಲ್ಲಿಯೇ. ಸರ್ಕಾರಿ ಆಸ್ಪತ್ರೆಯ ನೇತ್ರವಿಭಾಗದ ಹೊಣೆ ಗ್ರೇಫೆಯವರ ಬಳಿ ಇದ್ದದ್ದು ಸುಮಾರು ಎರಡು ವರ್ಷ ಮಾತ್ರ. ಆರೋಗ್ಯ ಕುಸಿಯುತ್ತಿದ್ದರೂ ಅವರು ಚಿಕಿತ್ಸೆ ಮತ್ತು ಬೋಧನೆಯನ್ನು ಬಿಡಲಿಲ್ಲ.

1870ರ ಜುಲೈ 20ರಂದು, ತಮ್ಮ 42ನೆಯ ವಯಸ್ಸಿನಲ್ಲಿ, ಗ್ರೇಫೆಯವರು ಬರ್ಲಿನ್‌ನಲ್ಲಿ ನಿಧನರಾದರು. ಅದರ ಹಿಂದಿನ ದಿನವಷ್ಟೇ ಫ್ರಾನ್ಸ್ ದೇಶವು ಪ್ರಷ್ಯದ ಮೇಲೆ ಯುದ್ಧ ಘೋಷಿಸಿತ್ತು. ನಗರದ ಹಾಲೆಷೆಸ್ ಟೋರ್ ಬಳಿಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪತ್ನಿ ಅನ್ನಾ ಅವರು 1872ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯದ ಪೀಠಕ್ಕೆ ಅವರ ಹಿಂದಿನ ಸಹಾಯಕರಾಗಿದ್ದ ಕಾರ್ಲ್ ಷ್ವೈಗರ್ ಉತ್ತರಾಧಿಕಾರಿಯಾದರು.

ಮೌಲ್ಯಮಾಪನ

ಗ್ರೇಫೆಯವರ ಎಲ್ಲ ನಿಲುವುಗಳೂ ಕಾಲದ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಗ್ಲಾಕೋಮಾ ರೋಗದ ಮೂಲವು ಕಣ್ಣಿನ ಒಳಪೊರೆಯ ಒಂದು ಬಗೆಯ ಉರಿಯೂತ ಎಂಬುದು ಅವರ ಊಹೆಯಾಗಿತ್ತು. ಕಣ್ಣಿನೊಳಗಿನ ದ್ರವ ಹೊರಹರಿಯುವ ಮಾರ್ಗದಲ್ಲಿ ತಡೆ ಉಂಟಾಗುವುದೇ ಒತ್ತಡಕ್ಕೆ ಕಾರಣ ಎಂಬುದು 1870ರ ದಶಕದ ಸಂಶೋಧನೆಗಳಿಂದ ಸ್ಪಷ್ಟವಾಗತೊಡಗಿತು. ಆ ದ್ರವದ ಹರಿವನ್ನು ಅಧ್ಯಯನ ಮಾಡಿದವರಲ್ಲಿ ಮುಖ್ಯರಾದವರು ಅವರ ಶಿಷ್ಯ ಲೇಬರ್ ಅವರೇ. ನಿಧಾನವಾಗಿ ಬೆಳೆಯುವ ಗ್ಲಾಕೋಮಾದಲ್ಲಿ ಇರಿಡೆಕ್ಟಮಿಯು ತೀವ್ರ ರೂಪದಲ್ಲಿರುವಷ್ಟು ಫಲ ಕೊಡುವುದಿಲ್ಲ ಎಂಬುದನ್ನು ಗ್ರೇಫೆಯವರೇ ಗಮನಿಸಿದ್ದರು. ಪೊರೆಯ ಶಸ್ತ್ರಕ್ರಿಯೆಯಲ್ಲಿ ಅವರು ಸೂಚಿಸಿದ ಕೊಯ್ತವನ್ನು, ಜಂತುನಾಶಕ ಕ್ರಮಗಳು ರೂಢಿಗೆ ಬಂದ ಮೇಲೆ, ಶಸ್ತ್ರವೈದ್ಯರು ಕ್ರಮೇಣ ಕೈಬಿಟ್ಟರು.

ಆದರೆ ಅವರ ಚಾಕು ಮಾತ್ರ ಗ್ರೇಫೆ ಚಾಕು ಎಂಬ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಜಗತ್ತಿನ ನಾನಾ ಕಡೆ ಬಳಕೆಯಲ್ಲಿತ್ತು. ತೀವ್ರ ಗ್ಲಾಕೋಮಾಕ್ಕೆ ಈಗ ಲೇಸರ್ ಕಿರಣದಿಂದ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡುವ ಚಿಕಿತ್ಸೆಯು ಅವರ ಇರಿಡೆಕ್ಟಮಿಯ ಮುಂದುವರಿಕೆಯೇ ಆಗಿದೆ. ಅದಕ್ಕಿಂತಲೂ ಹೆಚ್ಚು ಕಾಲ ಉಳಿದದ್ದು ಅವರು ಬೆಳೆಸಿದ ಶಿಕ್ಷಣಕ್ರಮ. ರೋಗಿಯ ಪರೀಕ್ಷೆ, ಶಸ್ತ್ರಕ್ರಿಯೆ, ಫಲಿತಾಂಶದ ದಾಖಲೆ, ಪತ್ರಿಕೆಯಲ್ಲಿ ಪ್ರಕಟಣೆ ಮತ್ತು ವೈದ್ಯರ ಸಭೆಯಲ್ಲಿ ಚರ್ಚೆ ಇವೆಲ್ಲವೂ ಅವರ ಶಿಷ್ಯರಿಗೆ ಒಂದೇ ತರಬೇತಿಯ ಅಂಗಗಳಾಗಿದ್ದವು.

ಸ್ಮರಣೆ

ಬರ್ಲಿನ್‌ನಲ್ಲಿ ಷಾರಿಟೆ ಆಸ್ಪತ್ರೆಯ ಬಳಿ 1882ರಲ್ಲಿ ಗ್ರೇಫೆಯವರ ಸ್ಮಾರಕವನ್ನು ಸ್ಥಾಪಿಸಲಾಯಿತು. ಇದು ಶಿಲ್ಪಿ ರುಡಾಲ್ಫ್ ಸೀಮರಿಂಗ್ ಅವರ ಕೃತಿ. ನಡುವೆ ನೇತ್ರದರ್ಶಕವನ್ನು ಹಿಡಿದ ಗ್ರೇಫೆಯವರ ಕಂಚಿನ ಪ್ರತಿಮೆಯಿದೆ. ಇಕ್ಕೆಲಗಳ ಉಬ್ಬುಶಿಲ್ಪಗಳಲ್ಲಿ ಚಿಕಿತ್ಸೆಗಾಗಿ ಬರುವ ಕಣ್ಣಿನ ರೋಗಿಗಳನ್ನೂ ಗುಣಹೊಂದಿದವರನ್ನೂ ಚಿತ್ರಿಸಲಾಗಿದೆ. ಜರ್ಮನ್ ನೇತ್ರವಿಜ್ಞಾನ ಸಂಘವು ಅವರ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿದೆ. 1886ರಲ್ಲಿ ಮೊದಲ ಗ್ರೇಫೆ ಪದಕವನ್ನು ಪಡೆದವರು, ನೇತ್ರದರ್ಶಕವನ್ನು ಕಂಡುಹಿಡಿದು ಅವರ ಕಾರ್ಯಕ್ಕೆ ದಾರಿ ತೆರೆದ ಹೆಲ್ಮ್‌ಹೋಲ್ಟ್ಸ್.